ಒಂದೇ ಮಾತು ಮತ್ತೆ ಮತ್ತೆ: ಮನೆಯವರು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ನಾನು ದಾವಣಗೆರೆಯಲ್ಲಿ ಸ್ಪೀಚ್ ಥೆರಪಿ ಮಾಡುತ್ತೇನೆ. ಹೇಳಿದ್ದನ್ನೇ ಹೇಳುವ, ಕೇಳಿದ್ದನ್ನೇ ಕೇಳುವವರ ಮನೆಯವರು ಎರಡನೇ ಸಲ ಬಂದಾಗ ಹೆಚ್ಚುಕಮ್ಮಿ ಎಲ್ಲರ ಮಾತೂ ಒಂದೇ ಇರುತ್ತದೆ: "ಮೇಡಂ, ಎಷ್ಟು ಹೇಳಿದರೂ ಅದೇ ಮಾತು, ನಿಲ್ಲುತ್ತಲೇ ಇಲ್ಲ." ಏನು ಮಾಡಿದಿರಿ ಅಂತ ಕೇಳಿದರೆ ತಿದ್ದಿರುತ್ತಾರೆ. "ಈಗ್ತಾನೆ ಹೇಳಿದ್ನಲ್ಲ" ಅಂದಿರುತ್ತಾರೆ. ಕೊನೆಗೆ ಬೇಸತ್ತು ಸುಮ್ಮನಾಗಿರುತ್ತಾರೆ.

ತಪ್ಪು ಆಗುವುದು ಪ್ರಯತ್ನದಲ್ಲಲ್ಲ, ಕ್ರಮದಲ್ಲಿ. ಒಂದೇ ಮಾತು ಮರುಕಳಿಸುವುದಕ್ಕೆ ಐದಾರು ಬೇರೆ ಬೇರೆ ಕಾರಣಗಳಿವೆ, ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಕೇಡು ಮಾಡುತ್ತದೆ. ಮರೆವಿನ ಕಾಯಿಲೆಯ ಅಜ್ಜಿ ಕೇಳಿದಷ್ಟು ಸಲವೂ ಉತ್ತರ ಕೊಡಬೇಕು. ಗೀಳಿನಿಂದ ಕೇಳುವ ಹುಡುಗನಿಗೆ ಹಾಗೆ ಕೊಡುತ್ತಾ ಹೋದರೆ ಗೀಳು ಬೆಳೆಯುತ್ತದೆ. ಯಾವ ಬಗೆ ಅಂತ ಗುರುತಿಸದೆ ಏನೂ ಶುರು ಮಾಡಬೇಡಿ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಖರ್ಚಿನದ್ದೇನೂ ಇಲ್ಲ. ಒಂದು ನೋಟ್‌ಬುಕ್. ಸಣ್ಣ ವೈಟ್‌ಬೋರ್ಡ್, ಇಲ್ಲದಿದ್ದರೆ ಮಕ್ಕಳ ಸ್ಲೇಟು. ದೊಡ್ಡ ಅಂಕಿಯ ಗೋಡೆ ಗಡಿಯಾರ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಅಂಗೈಯಗಲದ ರಟ್ಟಿನ ಚೀಟಿಗಳು, ದಪ್ಪ ಮಾರ್ಕರ್. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದದ್ದೂ ಸೇರಿಸಿ. ವಿಡಿಯೊ ತೆಗೆಯಲು ಮೊಬೈಲ್ ಇದ್ದೇ ಇರುತ್ತದೆ.

## ಹಂತ 1: ಇದು ಇದ್ದಕ್ಕಿದ್ದಂತೆ ಶುರುವಾಯಿತಾ?

ಹೌದು ಅಂದರೆ ಮುಂದಿನ ಹಂತಗಳನ್ನು ಈಗ ಓದಬೇಡಿ, ಆಸ್ಪತ್ರೆಗೆ ಹೊರಡಿ.

ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಒಂದು ಕೈ ಮೇಲೆತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಇಲ್ಲವೇ ಒಂದೇ ಪದ ಬರುತ್ತಿದೆ ಅಂದರೆ ಅದು ಲಕ್ವ ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ತೊಂದರೆ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ತಲುಪಿದ ಮೇಲೆ ಸ್ಕ್ಯಾನ್ ಆಗಬೇಕು, ಆ ಸಮಯವೂ ಇದರೊಳಗೇ ಸೇರುತ್ತದೆ. ಕೊನೆಯದಾಗಿ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಂಡು 108ಕ್ಕೆ ಫೋನ್ ಮಾಡಿ. ಹಳ್ಳಿ ಮದ್ದು ಕೊಡಿಸಿ ಆಮೇಲೆ ನೋಡೋಣ ಅಂತ ಒಂದು ರಾತ್ರಿ ಕಳೆದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಅಷ್ಟು ಹೊತ್ತಿಗೆ ಆ ಇಂಜೆಕ್ಷನ್ ಕೊಡುವ ಅವಕಾಶ ಮುಗಿದಿರುತ್ತದೆ.

ನಿನ್ನೆ ಮೊನ್ನೆವರೆಗೆ ಸರಿಯಿದ್ದ ಹಿರಿಯರು ಈಗ ಏನೇನೋ ಹಲುಬುತ್ತಿದ್ದಾರೆ, ಬೆಳಿಗ್ಗೆ ಪರವಾಗಿಲ್ಲ ರಾತ್ರಿ ಜಾಸ್ತಿ, ನಡುನಡುವೆ ಮಂಪರು. ಹಿಂದಿನವರು ಇದನ್ನು ಸನ್ನಿ ಅನ್ನುತ್ತಿದ್ದರು. ಇದರ ಹಿಂದೆ ಸಾಮಾನ್ಯವಾಗಿ ಮೂತ್ರದ ಸೋಂಕು, ಎದೆಯ ಕಫದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿರುವುದು, ಹೊಸದಾಗಿ ಶುರುಮಾಡಿದ ಮಾತ್ರೆ, ಕೆಲವೊಮ್ಮೆ ಬರೀ ಮಲಬದ್ಧತೆ ಇರುತ್ತದೆ. ಕಾರಣ ಸಿಕ್ಕಿದರೆ ಬಹಳ ಸಲ ವಾಸಿಯಾಗುತ್ತದೆ. "ವಯಸ್ಸಾಯ್ತು ಬಿಡಿ" ಅಂತ ಕೂತರೆ ಜೀವಕ್ಕೇ ಅಪಾಯ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆವರುತ್ತಾ, ನಡುಗುತ್ತಾ, ಹೇಳಿದ್ದೇ ಹೇಳುತ್ತಿದ್ದರೆ ಶುಗರ್ ಇಳಿದಿರಬಹುದು. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮಾತ್ರ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎರಡು ಮೂರು ವಾರದ ಹಿಂದೆ ಬಚ್ಚಲಲ್ಲಿ ಬಿದ್ದು ತಲೆಗೆ ಪೆಟ್ಟಾಗಿತ್ತಾ ಅಂತಲೂ ನೆನಪು ಮಾಡಿಕೊಳ್ಳಿ. ವಯಸ್ಸಾದವರಲ್ಲಿ ತಲೆಬುರುಡೆಯೊಳಗೆ ರಕ್ತ ನಿಧಾನಕ್ಕೆ ಸೇರಿ ಇಷ್ಟು ದಿನದ ಮೇಲೂ ತೊಂದರೆ ಕಾಣಿಸಬಹುದು.

ಇನ್ನೊಂದು ಅಪರೂಪದ್ದಿದೆ. ಐವತ್ತು ದಾಟಿದ, ಚೆನ್ನಾಗೇ ಇದ್ದವರು ಇದ್ದಕ್ಕಿದ್ದಂತೆ "ನಾನ್ಯಾಕೆ ಇಲ್ಲಿದ್ದೀನಿ? ಏನಾಯ್ತು?" ಅಂತ ಎರಡು ಮೂರು ನಿಮಿಷಕ್ಕೊಮ್ಮೆ ಕೇಳತೊಡಗುತ್ತಾರೆ. ಹೆಸರು ಗೊತ್ತು, ಮನೆಯವರ ಗುರುತು ಗೊತ್ತು, ಈಗ ನಡೆಯುತ್ತಿರುವುದು ಮಾತ್ರ ನೆನಪಲ್ಲಿ ನಿಲ್ಲುವುದಿಲ್ಲ. ಇದು 24 ಗಂಟೆಯೊಳಗೆ ತಾನಾಗೇ ಹೋಗುತ್ತದೆ. ಆದರೆ ಲಕ್ವವೋ ಫಿಟ್ಸೋ ಅಲ್ಲ ಅಂತ ಡಾಕ್ಟರೇ ನೋಡಿ ಹೇಳಬೇಕು, ನೀವು ಮನೆಯಲ್ಲಿ ತೀರ್ಮಾನ ಮಾಡಬೇಡಿ.

## ಹಂತ 2: ಮೂರು ದಿನ ಬರೀ ಬರೆದಿಡಿ

ನಿಧಾನಕ್ಕೆ ಬಂದದ್ದಾದರೆ ಇಲ್ಲಿಂದ ಶುರು. ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆಯಿರಿ: ಎಷ್ಟು ಗಂಟೆ, ಯಾವ ಮಾತು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ನೀವು ಏನಂದಿರಿ, ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದರು.

ಅವರು ಆಡಿದ ಪದಗಳನ್ನೇ ಬರೆಯಿರಿ. "ಅದೇ ಪ್ರಶ್ನೆ" ಅಂತ ಬರೆದರೆ ಉಪಯೋಗವಿಲ್ಲ. "ಶಿಫ್ಟಿಗೆ ಟೈಮಾಯ್ತಾ" ಅಂತ ಬರೆದರೆ ನನಗೂ ಡಾಕ್ಟರಿಗೂ ಏನೋ ಗೊತ್ತಾಗುತ್ತದೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಯಾವುದು ಆಡುತ್ತೀರೋ ಅದರಲ್ಲೇ ಬರೆಯಿರಿ. ಈ ಮೂರು ದಿನ ನಿಮ್ಮ ನಡವಳಿಕೆ ಏನೂ ಬದಲಿಸಬೇಡಿ, ಮೊದಲಿನಂತೆಯೇ ಇರಿ. ಬಹಳ ಜನ ಈ ಹಂತ ಬಿಡುತ್ತಾರೆ, "ನಮಗೆ ಗೊತ್ತಲ್ಲ ಮೇಡಂ, ದಿನವೆಲ್ಲ ಕೇಳ್ತಾರೆ" ಅನ್ನುತ್ತಾರೆ. ಬರೆದು ನೋಡಿದಾಗ ದಿನವೆಲ್ಲ ಅಲ್ಲ, ಸಂಜೆ ಮಾತ್ರ ಅಂತ ತಿಳಿಯುತ್ತದೆ. ಆ ಒಂದು ಸಂಗತಿಯೇ ಅರ್ಧ ಕೆಲಸ.

## ಹಂತ 3: ಯಾವ ಬಗೆ ಅಂತ ಗುರುತಿಸಿ

ಉತ್ತರ ತಲೆಯಲ್ಲಿ ನಿಲ್ಲುತ್ತಿಲ್ಲ. ಕೇಳುತ್ತಾರೆ, ನೀವು ಹೇಳುತ್ತೀರಿ, ಸಮಾಧಾನವಾಗುತ್ತಾರೆ, ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೂ ಮೊದಲ ಸಲ ಕೇಳಿದ ದನಿಯಲ್ಲೇ. ಇದು ಮರೆವಿನ ಕಾಯಿಲೆಯ ಲಕ್ಷಣ.

ಪದ ಸಿಕ್ಕಿಹಾಕಿಕೊಂಡಿದೆ. ಲಕ್ವ ಹೊಡೆದವರಿಗೆ ಚಮಚ ತೋರಿಸಿದರೆ "ಚಮಚ" ಅಂದರು. ಆಮೇಲೆ ಲೋಟ ತೋರಿಸಿದರೂ "ಚಮಚ", ಬಾಚಣಿಗೆ ತೋರಿಸಿದರೂ "ಚಮಚ". ಲೋಟ ಅಂತ ಅವರಿಗೆ ಗೊತ್ತಿರುತ್ತದೆ, ಬಾಯಿ ಹಿಂದಿನ ಪದವನ್ನು ಬಿಡುವುದಿಲ್ಲ. ಕೆಲವರಿಗೆ ಏನು ಹೇಳಹೋದರೂ ಒಂದೇ ಉಲಿ ಬರುತ್ತದೆ. ಪ್ಯಾರಿಸ್ಸಿನಲ್ಲಿ ಬ್ರೋಕಾ ಎಂಬ ವೈದ್ಯ 1861ರಲ್ಲಿ ವರದಿ ಮಾಡಿದ ರೋಗಿ ಎಲ್ಲಕ್ಕೂ "ತಾನ್" ಅನ್ನುತ್ತಿದ್ದ, ಆದರೆ ಬೇರೆಯವರ ಮಾತು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ನಿಮ್ಮ ಅಪ್ಪಾಜಿಗೂ ಅರ್ಥವಾಗುತ್ತಿರಬಹುದು. ಅವರ ಎದುರಿಗೇ ಅವರ ಬಗ್ಗೆ ಮಾತಾಡುವಾಗ ಇದು ನೆನಪಿರಲಿ.

ತನ್ನದೇ ಮಾತಿನ ಕೊನೆ ಮರುಕಳಿಸುತ್ತದೆ. "ಹೊರಗೆ ಹೋಗೋಣ ಹೋಗೋಣ ಹೋಗೋಣ" ಅಂತ ವೇಗ ಹೆಚ್ಚುತ್ತಾ, ದನಿ ಇಳಿಯುತ್ತಾ ಹೋಗುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಕಾಣುತ್ತದೆ.

ಬೇರೆಯವರ ಮಾತನ್ನು ಹಾಗೇ ಹೇಳುವುದು. ಆಟಿಸಂ ಇರುವ ಮಕ್ಕಳಲ್ಲಿ ಸಾಮಾನ್ಯ. ಮಾತು ಕಲಿಯುವ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ದಿನ ಹೀಗೆ ಮಾಡುತ್ತಾರೆ. ಮೂರು ವರ್ಷ ದಾಟಿದರೂ ಬಹುಪಾಲು ಮಾತು ಹೀಗೇ ಇದ್ದರೆ ತೋರಿಸಬೇಕು.

ಉತ್ತರ ಗೊತ್ತಿದ್ದೂ ಕೇಳುವುದು. "ಬಾಗಿಲು ಹಾಕಿದ್ಯಾ? ನಿಜವಾಗ್ಲೂ? ಖಂಡಿತ?" ಇದು ಆತಂಕ ಅಥವಾ ಗೀಳು.

ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಹಿಡಿಯಲು ಒಂದು ಸುಲಭ ದಾರಿ ಇದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಾಗ ಮೆಲ್ಲಗೆ, "ನಾನು ಆಗ ಏನಂದೆ?" ಅಂತ ಒಂದೇ ಸಲ ಕೇಳಿ. ಗೀಳಿನವರು ಉತ್ತರವನ್ನು ಸರಿಯಾಗಿ ಹೇಳುತ್ತಾರೆ, ಮರೆವಿನವರು ಹೇಳಲಾರರು. ಇದನ್ನು ದಿನಾ ಪರೀಕ್ಷೆ ಮಾಡಬೇಡಿ, ಅವರಿಗೆ ಅವಮಾನವಾಗುತ್ತದೆ. "ಪ-ಪ-ಪಲ್ಯ" ಅಂತ ಪದದ ಶುರುವಿನಲ್ಲೇ ತಡವರಿಸುವುದು ಉಗ್ಗು, ಅದರ ದಾರಿಯೇ ಬೇರೆ.

## ಹಂತ 4: ಡಾಕ್ಟರ್ ಹತ್ತಿರ ಏನು ಕೇಳಬೇಕು

ಮೊದಲು ಕಿವಿ. ಗುಗ್ಗೆ ತುಂಬಿ ಕೇಳಿಸದೆ ಮತ್ತೆ ಮತ್ತೆ ಕೇಳುವವರೂ ಇದ್ದಾರೆ. ಆಮೇಲೆ ರಕ್ತದಲ್ಲಿ ಬಿ12, ಥೈರಾಯ್ಡ್, ಸೋಡಿಯಂ, ಶುಗರ್ ನೋಡಿಸಿ. ಮಾತ್ರೆಗಳ ಪಟ್ಟಿ ತೋರಿಸಿ ನೆಗಡಿ-ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ಹಿಡಿತಕ್ಕೆ ಕೊಡುವ ಮಾತ್ರೆ ಇವು ಬೇಕೇ ಬೇಕಾ ಅಂತ ಕೇಳಿ. ಇವುಗಳಲ್ಲಿ ಹಲವು ವಯಸ್ಸಾದವರ ನೆನಪನ್ನು ಮಂಕು ಮಾಡುತ್ತವೆ. ನೀವಾಗೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ವಿಡಿಯೊ ಒಯ್ಯುವುದು ಮರೆಯಬೇಡಿ. ಡಾಕ್ಟರ್ ಎದುರು ಕೂತ ಹತ್ತು ನಿಮಿಷ ಅವರು ನೆಟ್ಟಗೆ ಮಾತಾಡಿಬಿಡುತ್ತಾರೆ, ಆಮೇಲೆ ಮನೆಯವರೇ ಸುಳ್ಳು ಹೇಳಿದ ಹಾಗಾಗುತ್ತದೆ.

ಮಾತು ಮರುಕಳಿಸುವುದನ್ನೇ ನಿಲ್ಲಿಸುವ ಮಾತ್ರೆ ಅಂತ ಒಂದಿಲ್ಲ. ಮರೆವಿನ ಕಾಯಿಲೆಯ ಒಂದು ಬಗೆಯಾದ ಆಲ್ಝೈಮರ್ಸ್‌ಗೆ ಕೊಡುವ ಡೊನೆಪೆಝಿಲ್ ಮಾತ್ರೆ ಕೆಲವರಿಗೆ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ, ಅಷ್ಟೇ. ಸುಮ್ಮನಿರಲಿ ಅಂತ ನಿದ್ದೆ ಮಾತ್ರೆ ಕೊಡುವುದು ನಾನು ಕಂಡ ತಪ್ಪುಗಳಲ್ಲೇ ದೊಡ್ಡದು. ಗೊಂದಲ ಇನ್ನೂ ಹೆಚ್ಚುತ್ತದೆ, ರಾತ್ರಿ ಎದ್ದು ಬೀಳುತ್ತಾರೆ.

## ಹಂತ 5: ಮರೆವಿನಿಂದ ಕೇಳುವವರಿಗೆ

ಪ್ರಶ್ನೆಯ ಹಿಂದೆ ಒಂದು ಆತಂಕ ಇರುತ್ತದೆ. ಉತ್ತರ ಮರೆತುಹೋಗುತ್ತದೆ, ಆತಂಕ ಉಳಿಯುತ್ತದೆ. ಆದ್ದರಿಂದ ಮಾಹಿತಿ ಕೊಟ್ಟರೆ ಸಾಲದು, ಆ ಆತಂಕಕ್ಕೂ ಉತ್ತರ ಕೊಡಬೇಕು.

ಚಿತ್ರದುರ್ಗದ ಕಡೆಯ ಒಬ್ಬ ಅಜ್ಜಿ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ "ನಲ್ಲಿ ನೀರು ಬಂತಾ?" ಅನ್ನುತ್ತಿದ್ದರು. ನೀರಿಗೆ ಕೊಡ ಹಿಡಿದು ಕಾದು ಕಾದು ಜೀವ ಸವೆಸಿದವರು, ಅವರ ತಲೆಯಲ್ಲಿ ಇನ್ನೇನು ಉಳಿಯಬೇಕು ಹೇಳಿ. ಸೊಸೆ ಪಾಪ "ಬಂತತ್ತೆ, ಬಂತು" ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ನಾವು ಮಾಡಿದ್ದು ಇಷ್ಟು: ಕೇಳಿದಾಗ ಹತ್ತಿರ ಹೋಗುವುದು, ಕೈ ಹಿಡಿಯುವುದು, "ಬಂತತ್ತೆ, ಡ್ರಮ್ಮು ತುಂಬಿದೆ" ಅಂತ ಚಿಕ್ಕದಾಗಿ ಹೇಳುವುದು, ಮುಚ್ಚಳ ತೆಗೆದು ತೋರಿಸುವುದು, ಒಂದು ಚೊಂಬು ನೀರು ಅವರ ಕೈಗೆ ಕೊಟ್ಟು ತುಳಸಿಗೆ ಹಾಕಿಸುವುದು. ಕೇಳುವುದು ಪೂರ್ತಿ ನಿಲ್ಲಲಿಲ್ಲ, ನಡುವಿನ ಅಂತರ ಹೆಚ್ಚಾಯಿತು.

ಕ್ರಮ ಹೀಗಿರಲಿ:

1. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು ಉತ್ತರಿಸಿ. ಒಂದೇ ಸಾಲು, ಪ್ರತಿ ಸಲ ಅದೇ ಪದಗಳು.
2. ಮನಸ್ಸಿಗೆ ಒಂದು ಮಾತು: "ಚಿಂತೆ ಮಾಡಬೇಡವ್ವ, ನಾನಿದ್ದೀನಿ."
3. ಉತ್ತರವನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ತೋರಿಸಿ. ಓದು ಬಾರದವರಿಗೆ ಚಿತ್ರ ಅಥವಾ ಆ ವಸ್ತುವನ್ನೇ ತೋರಿಸಿ.
4. ಕೂಡಲೇ ಕೈಗೆ ಒಂದು ಕೆಲಸ ಕೊಡಿ. ಬೆಳ್ಳುಳ್ಳಿ ಬಿಡಿಸುವುದು, ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು. ಬರೀ ಟಿವಿ ಹಚ್ಚಿದರೆ ಕೆಲಸವಾಗುವುದಿಲ್ಲ.

ಬೋರ್ಡ್ ನೋಡುವುದನ್ನು ಅಭ್ಯಾಸ ಮಾಡಿಸಬಹುದು, ರೋಗದ ಮೊದಲ ದಿನಗಳಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. "ನೀರು ಬಂತಾ ಅಂತ ತಿಳಿಯಬೇಕಾದರೆ ಏನು ಮಾಡ್ತೀಯ? ಬೋರ್ಡ್ ನೋಡ್ತೀನಿ" ಅಂತ ಉತ್ತರ ಸಮೇತ ಹೇಳಿಕೊಡಿ. ತಕ್ಷಣ ಕೇಳಿ. ಆಮೇಲೆ 30 ಸೆಕೆಂಡು ಬಿಟ್ಟು, 1 ನಿಮಿಷ ಬಿಟ್ಟು, 2, 4, 8 ನಿಮಿಷ ಬಿಟ್ಟು ಕೇಳಿ. ತಪ್ಪಿದರೆ "ಯೋಚಿಸು" ಅನ್ನಬೇಡಿ, ಸರಿಯುತ್ತರವನ್ನು ನೀವೇ ಹೇಳಿ ಅವರಿಂದ ಹೇಳಿಸಿ, ಹಿಂದೆ ಸರಿಯಾಗಿ ಹೇಳಿದ್ದ ಅಂತರಕ್ಕೆ ವಾಪಸ್ ಹೋಗಿ. ಊಹೆ ಮಾಡಿಸಿದರೆ ಆ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತದೆ.

ಹತ್ತಿ ಮಿಲ್ಲಿನಲ್ಲಿ ದುಡಿದ ಅಜ್ಜನೊಬ್ಬರು ಸಂಜೆಯಾದರೆ "ಶಿಫ್ಟಿಗೆ ಟೈಮಾಯ್ತಾ?" ಅಂತ ಚಪ್ಪಲಿ ಹುಡುಕುತ್ತಿದ್ದರು. "ಮಿಲ್ಲು ಮುಚ್ಚಿ ಎಷ್ಟು ವರ್ಷ ಆಯ್ತು ಅಪ್ಪಾಜಿ" ಅಂತ ಮಗ ಪ್ರತಿ ಸಲ ತಿದ್ದುತ್ತಿದ್ದ, ಪ್ರತಿ ಸಲ ಜಗಳ. ಪುಸ್ತಕ ನೋಡಿದರೆ ಎಲ್ಲ ಮೂರೂವರೆಯಿಂದ ಐದರ ನಡುವೆ, ಮಧ್ಯಾಹ್ನದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದಾಗ. ಮೂರೂಕಾಲಿಗೇ ಡಬ್ಬಿಗೆ ಮಂಡಕ್ಕಿ ತುಂಬಿ ಕೈಗೆ ಕೊಟ್ಟು ಮಗ ಜೊತೆಯಲ್ಲಿ ರಸ್ತೆ ತುದಿಯವರೆಗೆ ಹೋಗಿ ಬರತೊಡಗಿದ. ಪ್ರಶ್ನೆ ಬರುವ ಮುಂಚೆಯೇ ಮಾಡಿದ್ದರಿಂದ ಅದು ಕೆಲಸ ಮಾಡಿತು.

ತಪ್ಪುಗಳು: ನಾಡಿದ್ದಿನ ಮದುವೆ, ಜಾತ್ರೆ ವಿಷಯ ಇವತ್ತೇ ಹೇಳಿಬಿಡುವುದು. ಹೊರಡುವ ಅರ್ಧ ಗಂಟೆ ಮುಂಚೆ ಹೇಳಿ ಸಾಕು. "ನಮ್ಮವ್ವ ಎಲ್ಲಿ?" ಅಂದಾಗ "ಸತ್ತು ಮೂವತ್ತು ವರ್ಷ ಆಯ್ತು" ಅನ್ನುವುದು ಇನ್ನೊಂದು. ಅವರಿಗೆ ಅದು ಪ್ರತಿ ಸಲ ಹೊಸ ಸಾವು. "ಅವ್ವ ನೆನಪಾಯ್ತಾ? ಅವರು ಏನಡುಗೆ ಮಾಡ್ತಿದ್ರು?" ಅಂತ ಕೇಳಿ ನೋಡಿ. ಮಾತು ಮುಂದೆ ಸಾಗುತ್ತದೆ. ಮತ್ತೆ, ಬಚ್ಚಲಿಗೆ ಹೋಗಬೇಕು ಅಂತಲೋ ನೋವು ಅಂತಲೋ ಹೇಳಲಾಗದೆ ಬೇರೆ ಏನೋ ಕೇಳುತ್ತಿರಬಹುದು. ಒಮ್ಮೆ ಕರೆದುಕೊಂಡು ಹೋಗಿ ನೋಡಿ.

## ಹಂತ 6: ಲಕ್ವದ ನಂತರ ಸಿಕ್ಕಿಕೊಂಡ ಪದಕ್ಕೆ

ಇಲ್ಲಿ ಮನೆಯವರ ಅವಸರವೇ ಶತ್ರು. "ಹೇಳಪ್ಪಾಜಿ, ಹೇಳು, ಇದೇನು, ಇದೇನು" ಅಂತ ಒಂದರ ಹಿಂದೆ ಒಂದು ತೋರಿಸುತ್ತಾರೆ. ಹಿಂದಿನ ಪದ ಮಿದುಳಿನಲ್ಲಿ ಆರುವ ಮುಂಚೆ ಮುಂದಿನದು ಕೇಳಿದರೆ ಹಿಂದಿನದೇ ಬರುತ್ತದೆ. ಬೋಸ್ಟನ್ನಿನಲ್ಲಿ ಹೆಲ್ಮ್-ಎಸ್ಟಾಬ್ರುಕ್ಸ್ ಮತ್ತು ಜೊತೆಗಾರರು ಇದಕ್ಕೆಂದೇ ಒಂದು ಪದ್ಧತಿಯನ್ನು 1987ರಲ್ಲಿ ಪ್ರಕಟಿಸಿದರು. ಸಿಕ್ಕಿಕೊಂಡಿರುವ ಪದವನ್ನು ರೋಗಿಯ ಗಮನಕ್ಕೆ ತಂದು, ಅದನ್ನು ತಡೆಯಲು ಅವರಿಗೇ ನೆರವಾಗುವುದು ಅದರ ಜೀವಾಳ. ಪೂರ್ತಿ ಪದ್ಧತಿಯನ್ನು ಥೆರಪಿಸ್ಟ್ ಮಾಡಬೇಕು. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು:

1. ಟಿವಿ ಆರಿಸಿ. ಹತ್ತು ಹದಿನೈದು ನಿಮಿಷ ಸಾಕು, ಬೆಳಿಗ್ಗೆ ತಿಂಡಿಯಾದ ಮೇಲೆ ಒಳ್ಳೆಯದು.
2. ಶುರುವಿಗೇ ಹೇಳಿಬಿಡಿ: "ಹಿಂದಿನ ಪದ ನುಗ್ಗಿ ಬರುತ್ತೆ. ಬಂದರೆ ನಿಲ್ಲಿಸೋಣ."
3. ಒಂದು ವಸ್ತು ತೋರಿಸಿ. ಸರಿ ಹೇಳಿದರೂ ತಪ್ಪಿದರೂ ಮುಂದಿನದಕ್ಕೆ ಮುಂಚೆ 5ರಿಂದ 10 ಸೆಕೆಂಡು ಮೌನ. ಮನಸ್ಸಿನಲ್ಲಿ ಎಣಿಸಿ, ನೀವು ಅಂದುಕೊಂಡದ್ದಕ್ಕಿಂತ ಅದು ಉದ್ದ.
4. ಹಳೇ ಪದ ಬಂದರೆ ಅದನ್ನು ಚೀಟಿಯಲ್ಲಿ ಬರೆದು ತೋರಿಸಿ, "ಇದು ಹೋಯಿತು" ಅಂತ ಮಗುಚಿ ಪಕ್ಕಕ್ಕಿಡಿ.
5. ಸುಳಿವು ಕೊಡಿ. ಕೈಸನ್ನೆ, ಅಥವಾ "ಕಾಫಿ ಕುಡಿಯೋಕೆ ಒಂದು..." ಅಂತ ವಾಕ್ಯ ಅರ್ಧ ಹೇಳಿ ಬಿಡುವುದು, ಅಥವಾ ಮೊದಲ ಅಕ್ಷರ "ಲೋ..." ಅಂತ ಚೀಟಿಯಲ್ಲಿ ಬರೆದು ತೋರಿಸುವುದು.
6. ಮೂರು ಸಲ ಸಿಕ್ಕಿಹಾಕಿಕೊಂಡರೆ ಬಿಟ್ಟುಬಿಡಿ. ಕೈಕಾಲು ಆಡಿಸಿ, ನೀರು ಕುಡಿಸಿ, ಬೇರೆ ವಿಷಯಕ್ಕೆ ಹೋಗಿ.

ಲೋಟ, ತಟ್ಟೆ, ಚಮಚ ಅಂತ ಒಂದೇ ಜಾತಿಯವನ್ನು ಸಾಲಾಗಿ ಕೇಳಬೇಡಿ. ಲೋಟ ಆದಮೇಲೆ ಹಸು, ಆಮೇಲೆ ಕೊಡೆ. ಹತ್ತಿರದ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವರು ಚಿಕ್ಕಂದಿನಿಂದ ಆಡಿದ ಭಾಷೆಯಲ್ಲೇ ಮಾಡಿಸಿ. ಕ್ಲಿನಿಕ್ಕಿನಲ್ಲಿ ಕನ್ನಡ ನಡೆಯುತ್ತೆ ಅಂತ ಮನೆಯಲ್ಲಿ ಉರ್ದು ಆಡುವವರಿಗೆ ಕನ್ನಡ ಪದ ಕೇಳುವುದು ಕಷ್ಟದ ಮೇಲೆ ಕಷ್ಟ. ಹಾಡು, ವಚನ, ಒಂದರಿಂದ ಹತ್ತು ಎಣಿಸುವುದು ಸಲೀಸಾಗಿ ಬಂದರೆ ಖುಷಿಪಡಿ, ಆದರೆ ಮಾತು ಬಂತು ಅಂದುಕೊಳ್ಳಬೇಡಿ. ಬಾಯಿಪಾಠದ ದಾರಿ ಬೇರೆ.

ಎಚ್ಚರ: ಕುಡಿಯುವಾಗ ಕೆಮ್ಮು, ತಿಂದ ಮೇಲೆ ಗೊರಗೊರ ದನಿ ಇದ್ದರೆ ಮಾತಿಗಿಂತ ಮೊದಲು ನುಂಗುವುದನ್ನು ಪರೀಕ್ಷೆ ಮಾಡಿಸಿ.

## ಹಂತ 7: ಪಾರ್ಕಿನ್ಸನ್‌ನಲ್ಲಿ ಓಡುವ ಮಾತಿಗೆ

ಒಂದು ಉದ್ದ ರಟ್ಟಿನಲ್ಲಿ ಆರು ಮನೆ ಮಾಡಿ, ನಡುವೆ ಐಸ್‌ಕ್ರೀಮ್ ಕಡ್ಡಿ ಅಂಟಿಸಿ ತಡೆ ಇಡಿ. ಒಂದು ಪದಕ್ಕೆ ಒಂದು ಮನೆ ಮುಟ್ಟುತ್ತಾ ಮಾತಾಡಬೇಕು. ರಟ್ಟು ಕೈಯಲ್ಲಿಲ್ಲದಾಗ ತೊಡೆಯ ಮೇಲೆ ಬೆರಳು ತಟ್ಟಬಹುದು. ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಜಾಸ್ತಿ, ಎಷ್ಟು ಹೊತ್ತಿಗೆ ಕಡಿಮೆ ಅಂತ ಬರೆದು ನರರೋಗ ತಜ್ಞರಿಗೆ ತೋರಿಸಿ.

## ಹಂತ 8: ಮಕ್ಕಳು ಕೇಳಿದ್ದನ್ನೇ ಹೇಳಿದರೆ

ಇದನ್ನು ನಿಲ್ಲಿಸಬೇಡಿ. ನೀವು "ನೀರು ಬೇಕಾ?" ಅಂದಾಗ ಮಗುವೂ "ನೀರು ಬೇಕಾ?" ಅಂದರೆ ಬಹಳ ಸಲ ಅದರ ಅರ್ಥ "ಬೇಕು" ಅಂತ. ನಿಮ್ಮ ವಾಕ್ಯವನ್ನು ಇಡಿಯಾಗಿ ಎತ್ತಿಕೊಂಡಿದೆ ಅಷ್ಟೇ. ನೀರು ಕೊಡುತ್ತಾ ಮಗು ಹೇಳಬೇಕಾದ ಹಾಗೆ ನೀವೇ ಹೇಳಿ: "ನಂಗೆ ನೀರು ಬೇಕು." ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, ಯಾಕೆಂದರೆ ಪ್ರಶ್ನೆ ಕೇಳಿದರೆ ಪ್ರಶ್ನೆಯೇ ವಾಪಸ್ ಬರುತ್ತದೆ. "ಅಂಗಿ ಹಾಕೋಣ", "ಬಸ್ಸು ಬಂತು" ಅಂತ ಹೇಳುವ ಮಾತು ಜಾಸ್ತಿ ಮಾಡಿ. ಟಿವಿ ಜಾಹೀರಾತಿನ ಸಾಲನ್ನೇ ಹೇಳುತ್ತಿದ್ದರೆ ಯಾವ ಹೊತ್ತಿಗೆ ಹೇಳುತ್ತಿದೆ ಗಮನಿಸಿ. ಹಸಿದಾಗ ಮಾತ್ರ ಬಿಸ್ಕತ್ತಿನ ಸಾಲು ಬಂದರೆ ಅದು ಊಟ ಕೇಳುತ್ತಿದೆ.

ಕಿವಿ ಪರೀಕ್ಷೆ ಮೊದಲು ಆಗಲಿ. ಬರುತ್ತಿದ್ದ ಪದಗಳು ಹೋದರೆ ಯಾವ ವಯಸ್ಸಾದರೂ ಕಾಯಬೇಡಿ. ಗದರಿದರೆ ಮಗು ಆಡುತ್ತಿರುವ ಇಷ್ಟು ಮಾತನ್ನೂ ಬಿಡಬಹುದು.

## ಹಂತ 9: ಗೀಳಿನಿಂದ ಕೇಳುವವರಿಗೆ

ಇಲ್ಲಿ ಹಂತ 5ರ ತದ್ವಿರುದ್ಧ. ಒಂದು ಸಲ ಉತ್ತರ, ಆಮೇಲೆ ಪ್ರೀತಿಯಿಂದ "ಇದು ಗೀಳು ಕೇಳ್ತಿರೋದು, ಉತ್ತರ ನಿಂಗೆ ಗೊತ್ತು." ಒಂದೇ ದಿನ ಪೂರ್ತಿ ನಿಲ್ಲಿಸಬೇಡಿ, ಅವರ ಜೊತೆ ಮಾತಾಡಿ ಒಪ್ಪಿಸಿಕೊಂಡು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಅಪ್ಪ ಒಪ್ಪಿ ಅಜ್ಜಿ ಉತ್ತರ ಕೊಡುತ್ತಿದ್ದರೆ ಆಗುವುದಿಲ್ಲ, ಮನೆಯವರೆಲ್ಲ ಒಂದೇ ದಾರಿ ಹಿಡಿಯಬೇಕು. ಮನೋವೈದ್ಯರ ಮಾತ್ರೆಗೂ ಅಭ್ಯಾಸದ ಚಿಕಿತ್ಸೆಗೂ ಇದು ಚೆನ್ನಾಗಿ ಬಗ್ಗುತ್ತದೆ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

## ಹಂತ 10: ಎಲ್ಲಿಗೆ, ಮತ್ತೆ ಯಾವಾಗ

ಮೊದಲು ಜಿಲ್ಲಾ ಆಸ್ಪತ್ರೆ, ದಾವಣಗೆರೆಯಾದರೆ ಚಿಗಟೇರಿ, ಚಿತ್ರದುರ್ಗದವರಿಗೆ ಅಲ್ಲಿಯದು. ಮನೋವೈದ್ಯರ ಹತ್ತಿರ ಕಳಿಸಿದರೆ "ನಮ್ಮವರಿಗೆ ಹುಚ್ಚಲ್ಲ" ಅಂತ ವಾಪಸ್ ಬರಬೇಡಿ. ತೊಡಕಿನ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಮಾತು-ಭಾಷೆಯ ತೊಂದರೆಯೂ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಎರಡು ವಾರ ಒಂದೇ ವಿಧಾನ ಹಿಡಿದು ಮಾಡಿ, ಆಮೇಲೆ ಮತ್ತೆ ಮೂರು ದಿನ ಬರೆದಿಡಿ. ದಿನಕ್ಕೆ ಐವತ್ತು ಸಲ ಇದ್ದದ್ದು ಮೂವತ್ತಕ್ಕೆ ಇಳಿದಿದ್ದರೆ ಅದು ಗೆಲುವೇ, ವಿಧಾನ ಬದಲಿಸಬೇಡಿ. ಏನೂ ಬದಲಾಗದಿದ್ದರೆ ಹಂತ 3ಕ್ಕೆ ಹೋಗಿ ಬಗೆ ಸರಿಯಾಗಿ ಹಿಡಿದಿರಾ ನೋಡಿ, ಒಬ್ಬರಿಗೇ ಎರಡು ಬಗೆ ಒಟ್ಟಿಗೇ ಇರುವುದೂ ಉಂಟು. ನೋಡಿಕೊಳ್ಳುವ ಕೆಲಸವನ್ನು ಸೊಸೆಯೊಬ್ಬಳ ಮೇಲೆ ಹಾಕಬೇಡಿ, ಸಂಜೆಯ ಎರಡು ಗಂಟೆ ಬೇರೊಬ್ಬರು ಹೊರಲಿ. ಕಡಿಮೆಯಾಗಿದ್ದ ಮಾತು ಒಂದೆರಡು ದಿನದಲ್ಲಿ ಒಮ್ಮೆಲೇ ಏರಿದರೆ, ನಿದ್ದೆ ಹಗಲು ರಾತ್ರಿ ಅದಲುಬದಲಾದರೆ, ಊಟ ಬಿಟ್ಟರೆ, ಮತ್ತೆ ಹಂತ 1. ಅವತ್ತೇ ಹೊರಡಿ, ನೋಟ್‌ಬುಕ್ಕು ಮತ್ತು ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ.